ಬಾವಿ ಅಧ್ಯಕ್ಷರು

ಬೆಟಗೇರಿಯ ನಮ್ಮ ಓಣಿಯ ಬಾಯಿಗೆ ಮಹಾಪ್ರಾಣ ಹತ್ತುವುದಿಲ್ಲ. ಭೀಮ ನಮ್ಮಲ್ಲಿ ಬೀಮ, ಧರ್ಮ ದರ್ಮ, ಭಕ್ತಿ ಬಕ್ತಿ. ಇದರಿಂದ ಯಾವ ಭೀಮನ ತೂಕವೂ ಇಳಿದಿಲ್ಲ, ಯಾರ ಭಕ್ತಿಯೂ ಸೋರಿ ಹೋಗಿಲ್ಲ. ಆದರೆ ಒಂದು ಐತವಾರ ಸಂಜೆ ಒಂದೇ ಒಂದು ಮಹಾಪ್ರಾಣವನ್ನು ನುಂಗಿದ್ದಕ್ಕೆ ನನ್ನ ಅಲ್ಪಪ್ರಾಣವೇ ಹೋಗುವ ಪ್ರಸಂಗ ಬಂತು.

ನಾನು ನೇಕಾರರ ಮಗ. ಮಗ್ಗದಲ್ಲಿ ಕೂತರೆ ಎಳೆ ಕಡಿಯುತ್ತೇನೆ, ಕಟ್ಟೆಯ ಮೇಲೆ ಕೂತರೆ ಮಂದಿಯ ಮಾನ ಕಡಿಯುತ್ತೇನೆ ಎಂದು ಅಪ್ಪ ಹೇಳುವುದುಂಟು. ಎರಡೂ ಖರೆ. ಸಾಲಿ ಮಾಸ್ತರರು, ಕಿರಾಣಿ ಅಂಗಡಿಯವನು, ರೈಲು ಬರುವ ಮೊದಲೇ ಹೊರಟಿತು ಎಂದು ಕೂಗುವ ಟೇಶನ್ನಿನ ಹಮಾಲ, ಶಿರಹಟ್ಟಿಯಿಂದ ಬಂದು ಮೂಗಿನಲ್ಲಿ ಅಳುವ ನಮ್ಮ ಸೋದರತ್ತೆ, ಯಾರ ದನಿ ಬೇಕಾದರೂ ತೆಗೆಯುತ್ತೇನೆ. ನಿನ್ನ ದನಿ ತೆಗೆ ಅಂದರೆ ಅದನ್ನೂ ತೆಗೆಯುತ್ತೇನೆ: ಅವ್ವ ಕರೆದಾಗ "ಬಂದ್ನ್ಯವ್ವಾ" ಎಂದು ಗಂಟಲು ಹರಿಯುವಂತೆ ಕೂಗಿ, ಕೂತಲ್ಲಿಂದ ಏಳದವನ ದನಿ.

ಗದಗಿನಲ್ಲಿ ಒಂದು ವಾರಪತ್ರಿಕೆ ಹೊರಡುತ್ತಿತ್ತು. ನಮ್ಮ ಓಣಿಗೆ ಅದರ ಒಂದೇ ಪ್ರತಿ ಬರುತ್ತಿತ್ತು. ಓದಬಲ್ಲವರೂ ಬೆರಳಲ್ಲಿ ಎಣಿಸುವಷ್ಟೇ. ಹಾಗಾಗಿ ಐತವಾರ ಸಂಜೆ ಗರಡಿಮನೆಯ ಕಟ್ಟೆಯ ಮೇಲೆ ನಾನು ಅದನ್ನು ಓದುತ್ತಿದ್ದೆ. ಬರೀ ಓದಿದರೆ ಮಂದಿ ಎದ್ದು ಹೋಗುತ್ತಿದ್ದರು. ಯಾರ ಮಾತು ಅಚ್ಚಾಗಿದೆಯೋ ಅವರ ದನಿಯಲ್ಲೇ ಓದುತ್ತಿದ್ದೆ. ಕಲೆಕ್ಟರರ ಹೇಳಿಕೆ ಕಲೆಕ್ಟರರ ಗತ್ತಿನಲ್ಲಿ, ಎತ್ತು ಕಳಕೊಂಡವನ ಜಾಹೀರಾತು ಎತ್ತು ಕಳಕೊಂಡವನ ಗೋಳಿನಲ್ಲಿ. ಒಮ್ಮೊಮ್ಮೆ ಎತ್ತಿನ ದನಿಯಲ್ಲಿಯೂ.

ಆ ವರ್ಷ ಊರಿಗೆ ಎರಡು ಹುಚ್ಚು ಒಮ್ಮೆಲೇ ಹಿಡಿದಿದ್ದವು. ಒಂದು ಏಕೀಕರಣದ್ದು. ಅವ್ವನ ತವರು ಶಿರಹಟ್ಟಿ, ಅವಳ ಅಕ್ಕನನ್ನು ಕೊಟ್ಟದ್ದು ಲಕ್ಷ್ಮೇಶ್ವರಕ್ಕೆ. ಸ್ವಾತಂತ್ರ್ಯ ಬರುವವರೆಗೆ ಅವೆಲ್ಲ ಬೇರೆ ಬೇರೆ ರಾಜರ ಊರು. ಈಗ ಕನ್ನಡದ್ದೆಲ್ಲ ಕೂಡಿ ಒಂದು ರಾಜ್ಯ ಆಗಬೇಕೆಂದು ಮುಂಡರಗಿಯಿಂದ ಬಂದವರೂ ಗದಗಿನಲ್ಲಿ ಕೂಗುತ್ತಿದ್ದರು. ಎರಡನೆಯದು ಮುನ್ಸಿಪಾಲ್ಟಿ ಅಧ್ಯಕ್ಷಗಿರಿಯ ಹುಚ್ಚು. ಅಧ್ಯಕ್ಷರನ್ನು ಆರಿಸುವವರು ಮೆಂಬರರು. ಆದರೆ ಮೆಂಬರರು ಓಣಿಗೆ ಮತ ಕೇಳಲು ಬರಲೇಬೇಕಲ್ಲ. ಓಣಿ ಯಾರನ್ನು ನೋಡಿ ನಗುತ್ತದೋ ಅವರಿಗೆ ಕೈ ಎತ್ತಲು ಹಿಂದೆಮುಂದೆ ನೋಡುತ್ತಿದ್ದರು.

ನಿಂತವರು ಇಬ್ಬರು. ಗದಗಿನ ವಕೀಲರು, ನಮ್ಮ ಬೆಟಗೇರಿಯ ನೂಲಿನ ಸಾಹುಕಾರರು. ವಕೀಲರು ಪುಣೆಯಲ್ಲಿ ಓದಿದವರು, ಏಕೀಕರಣದ ಸಭೆಯಲ್ಲಿ ಗುಡುಗುವವರು. ಆದರೆ ಎಣಿಕೆ ಬಂದರೆ ಮಾತ್ರ ಅವರ ಕನ್ನಡ ಕೈಕೊಡುತ್ತಿತ್ತು. "ಕನ್ನಡಿಗರೇ, ಎದ್ದೇಳಿರಿ" ಎಂದು ಭಾಷಣ ಮುಗಿಸಿ ಕೆಳಗಿಳಿದು, ಬಾಡಿಗೆಗೆ ತಂದ ಕುರ್ಚಿಗಳನ್ನು "ಏಕ, ದೋನ, ತೀನ, ಚಾರ" ಎಂದು ಮರಾಠಿಯಲ್ಲಿ ಎಣಿಸಿದ್ದನ್ನು ಇಡೀ ಸಭೆ ನೋಡಿತ್ತು. ಸಾಹುಕಾರರ ಸಂಗತಿ ಬೇರೆ. ಅವರ ವಖಾರಿಯ, ಅಂದರೆ ನೂಲಿನ ಉಗ್ರಾಣದ, ಪಕ್ಕದಲ್ಲಿ ಓಣಿಯ ಸೀನೀರಿನ ಬಾವಿ ಇತ್ತು. ಉಳಿದವೆಲ್ಲ ಸವುಳು ನೀರಿನ ಬಾವಿಗಳು. ವಖಾರಿ ದೊಡ್ಡದು ಮಾಡುವಾಗ ಹೊಸ ಪಾಗಾರದ ಗೋಡೆ ಬಾವಿಯ ಆಚೆಯಿಂದ ಸುತ್ತಿ ಬಂತು. ಬಾವಿ ಒಳಗಾಯಿತು, ಬಾಗಿಲಿಗೆ ಕೀಲಿ ಬಿತ್ತು. ಹೆಣ್ಣುಮಕ್ಕಳು ಕೊಡ ಹೊತ್ತು ರೈಲು ಹಳಿ ದಾಟಿ ಹೋಗಬೇಕಾಯಿತು.

ಪತ್ರಿಕೆಯ ಸಂಪಾದಕರು ನ್ಯಾಯಸ್ಥರು. ಒಬ್ಬರ ತಪ್ಪು ಬರೆದರೆ ಇನ್ನೊಬ್ಬರದೂ ಬರೆಯಬೇಕು, ಅದೂ ಸಮ ಸಾಲು. ಅಚ್ಚಿನ ಮೊಳೆಗಳನ್ನು ಕಟ್ಟುವ ದಾರದಿಂದ ಅವರು ಎರಡೂ ಕಡೆ ಅಳೆದು ನೋಡುತ್ತಿದ್ದರು. ಹೆಸರೂ ಹಾಕುತ್ತಿರಲಿಲ್ಲ, ಉಮೇದುವಾರ ಎಂದೂ ಬರೆಯುತ್ತಿರಲಿಲ್ಲ. ಇಬ್ಬರಿಗೂ ಒಂದೇ ಮರ್ಯಾದೆ. ತಲೆಬರಹ: "ಇಬ್ಬರು ಭಾವಿ ಅಧ್ಯಕ್ಷರು."

ಆ ಐತವಾರ ಕಟ್ಟೆ ತುಂಬಿತ್ತು. ಮೊದಲು ವಕೀಲರ ಪ್ಯಾರಾ. ಗಂಟಲು ಸರಿ ಮಾಡಿಕೊಂಡು, ಪುಣೆಯ ಗಾಳಿಯನ್ನು ಎದೆಯಲ್ಲಿ ತುಂಬಿಕೊಂಡು, ಅವರದೇ ದನಿಯಲ್ಲಿ "ಒಬ್ಬ ಭಾವಿ ಅಧ್ಯಕ್ಷರು" ಎಂದೆ. ಆ 'ಭಾ'ದ ಉಸಿರಿಗೆ ಮುಂದಿನ ಸಾಲಿನವನ ಬೀಡಿ ಕೆಂಪಾಯಿತು. ಕುರ್ಚಿ ಎಣಿಸುವ ಭಾಗಕ್ಕೆ ಬಂದಾಗ ಪ್ಯಾರಾದಲ್ಲಿ ಇಲ್ಲದ ಕುರ್ಚಿಗಳನ್ನೂ ಎಣಿಸಿದೆ. ಮಂದಿ ಹೊಟ್ಟೆ ಹಿಡಿದುಕೊಂಡರು.

ಆಮೇಲೆ ಸಾಹುಕಾರರ ಪ್ಯಾರಾ. ಕೂತವರಲ್ಲಿ ಅರ್ಧಕ್ಕರ್ಧ ಅವರ ನೂಲು ತಂದು ನೇಯುವವರು. ನಮ್ಮ ಮನೆಯೂ ಅದರೊಳಗೆ ಬಂತು. ಸೋಮವಾರಕ್ಕೊಮ್ಮೆ ಅಪ್ಪ ಅವರ ವಖಾರಿಯಿಂದ ನೂಲು ತರದಿದ್ದರೆ ನಮ್ಮ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಒಲೆ ನಿಲ್ಲುತ್ತದೆ. ಇದು ಗೊತ್ತಿದ್ದೇ ನಾನು ಜಾಣನಾದೆ. ಯಾರ ದನಿಯೂ ಬೇಡ, ಏರಿಳಿತವೂ ಬೇಡ, ಕೋರ್ಟಿನ ಜವಾನನ ಹಾಗೆ ಚಪ್ಪಟೆಯಾಗಿ ಓದಿಬಿಡೋಣ ಎಂದು ಹೊರಟೆ.

"ಇನ್ನೊಬ್ಬ ಬಾವಿ ಅಧ್ಯಕ್ಷರು..."

ಹಿಂದಿನಿಂದ ಯಾರೋ "ಖರೇನ ಐತಲೇ! ಬಾವಿಗೇ ಅಧ್ಯಕ್ಷರು!" ಎಂದರು. ಆಮೇಲೆ ಎದ್ದ ನಗು ನಾನು ಕೇಳದೇ ಬಂದ ನಗು. ಗರಡಿಯೊಳಗೆ ಸಾಮು ಮಾಡುತ್ತಿದ್ದವರೂ ಮಣ್ಣು ಮೆತ್ತಿಕೊಂಡು ಹೊರಗೆ ಬಂದರು. ನಾನು ಪೇಪರು ನೋಡಿದೆ. ಹೊಟ್ಟೆ ಸೀಳಿದ 'ಭಾ' ನೆಟ್ಟಗೆ ಅಚ್ಚಾಗಿತ್ತು. ಸಂಪಾದಕರ ತಪ್ಪಿಲ್ಲ, ಮೊಳೆ ಜೋಡಿಸಿದವನ ತಪ್ಪಿಲ್ಲ. ವಕೀಲರ ದನಿಗೆ ಮಹಾಪ್ರಾಣ ಇತ್ತು, ನನ್ನ ದನಿಗೆ ಇರಲಿಲ್ಲ. ಅಂಜಿ ನನ್ನ ದನಿಯಲ್ಲಿ ಓದಿದ್ದಕ್ಕೇ ಅದು ಬಾವಿಯಾಗಿತ್ತು.

ಮರುದಿನ ಮುಂಜಾನೆ ಮಕ್ಕಳು ಆ ಮಾತನ್ನು ಕುಂಟಾಟದ ಹಾಡಿಗೆ ಸೇರಿಸಿಕೊಂಡಿದ್ದವು. ಡೋಣಿ ಊರಿನಿಂದ ಶೇಂಗಾ ತಂದವನೊಬ್ಬ ನಮ್ಮ ಬಾಗಿಲಲ್ಲೇ ಚೀಲ ಇಳಿಸಿ, "ನಿಮ್ಮ ಊರಾಗ ಬಾವಿಗೂ ಅಧ್ಯಕ್ಷರಿರ್ತಾರಂತಲ್ರಿ? ನಮ್ಮ ಊರಾಗ ಬಾವಿಗೆ ಹಗ್ಗಾನೂ ಇಲ್ಲ" ಎಂದ. ಅಪ್ಪ ಮಗ್ಗದ ಕುಣಿಯಿಂದ ತಲೆ ಎತ್ತಿ ನನ್ನನ್ನು ನೋಡಿದರು. ಲಾಳಿ ನಿಂತಿತು. ನಮ್ಮ ಮನೆಯಲ್ಲಿ ಹಗಲು ಹೊತ್ತು ಲಾಳಿ ನಿಂತರೆ ಯಾರೋ ಸತ್ತಿದ್ದಾರೆಂದೇ ಲೆಕ್ಕ.

"ನೂಲು ಯಾರ ಕೊಡ್ತಾರ ಗೊತ್ತೈತಿಲ್ಲೋ?" ಎಂದರು.

ಅವರು ಬಿಟ್ಟದ್ದನ್ನು ಅವ್ವ ಆಡಿದಳು. "ನಿನ್ನ ನಾಲಿಗಿ ಒಂದ ಗೂಟಕ್ಕ ಕಟ್ಟಬೇಕು. ಹಡದಾಗ ಸೂಲಗಿತ್ತಿ ಅಂದಿದ್ಲು, ಕೂಸಿನ ಬಾಯಿ ದೊಡ್ಡದೈತಿ ಅಂತ. ನಾ ಹಸಿವಿರ್ಬೇಕು ಅನಕೊಂಡಿದ್ದೆ."

ನಡುವಾರ ಸಾಹುಕಾರರ ಲೆಕ್ಕ ಬರೆಯುವ ಮುನೀಮ ಬಂದ. ಬಾಗಿಲ ಹೊರಗೇ ನಿಂತು, ಕೊಡೆಯ ತುದಿಯಿಂದ ನನ್ನನ್ನು ತೋರಿಸಿ, "ಇಂವನ್ನ ಕರೀತಾರ. ಪೇಪರ್ ತಗೊಂಡು ಬರ್ಬೇಕಂತ" ಎಂದ.

ವಖಾರಿಗೆ ಹೋಗುವ ದಾರಿ ತುಂಬ 'ಭಾ' ಅಭ್ಯಾಸ ಮಾಡಿದೆ. ಭಾ, ಭಾ, ಭಾ. ಎದುರಿಗೆ ಬಂದ ಆಡು ನನ್ನನ್ನು ತನ್ನ ಕುಲದವನೆಂದು ತಿಳಿದು ಉತ್ತರ ಕೊಟ್ಟಿತು. ಬೇರೆ ದಿನವಾದರೆ ಅದರ ಜೊತೆ ಒಂದಷ್ಟು ಹೊತ್ತು ಮಾತಾಡುತ್ತಿದ್ದೆ. ಅವತ್ತು ಅದಕ್ಕೆ ದಾರಿ ಬಿಟ್ಟು ಮುಂದೆ ನಡೆದೆ. ಒಬ್ಬ ಮನುಷ್ಯ ಬೈಯುತ್ತಾನೆಂದೋ ಹೊಡೆಯುತ್ತಾನೆಂದೋ ನಾನು ಹೆದರಿರಲಿಲ್ಲ. ಬೈಗಳ ನನಗೆ ಊಟವಿದ್ದ ಹಾಗೆ. ಅಪ್ಪ ಸೋಮವಾರ ಖಾಲಿ ಚೀಲ ಹಿಡಿದು ತಿರುಗಿ ಬರುವುದು ಕಣ್ಣ ಮುಂದೆ ಬರುತ್ತಿತ್ತು.

ಸಾಹುಕಾರರು ಗಾದಿಯ ಮೇಲೆ ಲೋಡಿಗೆ ಒರಗಿ ಕೂತಿದ್ದರು. ಅವರ ದನಿ ಮೆತ್ತಗೆ, ಹಿಂಜಿದ ಹತ್ತಿಯ ಹಾಗೆ.

"ಬಾ ತಮ್ಮಾ, ಕುಂಡ್ರು. ಬಿಸಲಾಗ ಬಂದೀ. ನೀರು ಕುಡೀತೀಯೇನು?"

ಬೇಡ ಎನ್ನಬೇಕಿತ್ತು. ಗಂಟಲು ಹೂಂ ಎಂದಿತು. ಆಳು ಹಿಂದಿನ ಅಂಗಳಕ್ಕೆ ಹೋದ. ತೆರೆದ ಬಾಗಿಲಿನಿಂದ ನನಗೆ ಬಾವಿ ಕಂಡಿತು. ನಾನು ಚಿಕ್ಕವನಿದ್ದಾಗ ಕಾಲು ಇಳಿಬಿಟ್ಟು ಕೂತ ಅದೇ ಕಲ್ಲಿನ ದಂಡೆ, ದಂಡೆಯ ತನಕ ನೀರು. ಓಣಿಯ ಕಡೆಯ ಬಾಗಿಲಿಗೆ ಕೀಲಿ ಜೋತುಬಿದ್ದಿತ್ತು, ನನ್ನ ಮುಷ್ಟಿಗಿಂತ ದೊಡ್ಡದು. ತಂಬಿಗೆ ಬಂತು. ಕುಡಿದೆ. ನಮ್ಮ ಬಾವಿಯ ನೀರು ಅಷ್ಟು ಸಿಹಿ ಎಂಬುದು ಮರೆತೇ ಹೋಗಿತ್ತು.

"ಓದು" ಎಂದರು.

ಓದಿದೆ. "ಇನ್ನೊಬ್ಬ ಭಾವಿ ಅಧ್ಯಕ್ಷರು." 'ಭಾ' ಎಷ್ಟು ಭಾರವಾಗಿ ಬಂತೆಂದರೆ ಮುನೀಮ ತನ್ನ ಹಾಳೆಗಳ ಮೇಲೆ ಕೈ ಇಟ್ಟುಕೊಂಡ.

"ಛಲೋ ಬರ್ತೈತಲ್ಲ! ಮತ್ತ ಐತವಾರ ಯಾಕ ಬರಲಿಲ್ಲ?"

"ನಾಲಿಗಿ ತಪ್ಪಿತ್ರಿ."

"ಆಗ್ಲಿ. ನಾಲಿಗಿ ಅಂದಮ್ಯಾಲ ತಪ್ಪತೈತಿ. ಈಗ ಆ ವಕೀಲರದು ಓದು. ಅವರ ದನೀಲೇ ಓದು."

ಕುರ್ಚಿ ಎಣಿಸಿದೆ. ಸಾಹುಕಾರರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಗಿಸಿ ಇಷ್ಟು ಅಂಜಿಕೆ ಬಂದದ್ದು ನನಗೆ ಅದೇ ಮೊದಲು. ಕಣ್ಣು ಒರೆಸಿಕೊಂಡು ಹೇಳಿದರು: "ಬರೋ ಐತವಾರದ ಪೇಪರ್‍ನ್ಯಾಗ ನಮ್ಮಿಬ್ಬರ ಉತ್ತರ ಬರತಾವ. ನಿಮ್ಮ ಸಂಪಾದಕರು ಸಮ ಹಾಕತಾರ. ನೀನೂ ಸಮ ಓದಬೇಕು. ಅವರದು ಈಗ ಓದಿದ ಹಂಗ, ನಂದು ಮೊದಲ ಓದಿದ ಹಂಗ. ತಿಳೀತಿಲ್ಲೋ? ನಮ್ಮ ಮುನೀಮ ಕೇಳಾಕ ಬರ್ತಾನ." ಆಮೇಲೆ ಏನೋ ನೆನಪಾದವರಂತೆ, "ನಿಮ್ಮಪ್ಪ ಭಾಳ ಛಲೋ ನೇಕಾರ. ಸೋಮವಾರ ಬರ್ತಾನಲ್ಲ ನೂಲಿಗೆ?" ಎಂದರು.

ಅಲ್ಲಿಂದ ನೆಟ್ಟಗೆ ಗದಗಿಗೆ ನಡೆದೆ, ಸಂಪಾದಕರ ಹತ್ತಿರ. ಮುಂದಿನ ಸಂಚಿಕೆಯ ಮೊಳೆ ಆಗಲೇ ಜೋಡಿಸುತ್ತಿದ್ದರು. ಅವರ ಕಾಲು ಹಿಡಿಯುವುದೊಂದು ಬಾಕಿ.

"ರೀ, ಭಾವಿ ಅನ್ನೂದು ತಗದು ಉಮೇದುವಾರ ಅಂತ ಹಾಕ್ರಿ. ನಿಮಗ ಪುಣ್ಯ ಬರ್ತೈತಿ."

"ಯಾಕ? ಭಾವಿ ಅನ್ನೂದು ಶುದ್ಧ ಶಬ್ದ. ನಿನ್ನ ನಾಲಿಗಿ ದುರಸ್ತಿ ಮಾಡ್ಕೋ, ನನ್ನ ಪತ್ರಿಕಿ ಅಲ್ಲ."

ಹೆದರಿದವನಿಗೆ ಎಲ್ಲಿಂದಲೋ ಸಿಟ್ಟು ಬರುತ್ತದೆ. "ವಕೀಲರ ತಪ್ಪು ಎಷ್ಟು ದೊಡ್ಡದ್ರಿ?" ಎಂದೆ.

"ಸಾಹುಕಾರರದಷ್ಟ."

"ಅಳದೀರೇನು?"

"ಅಳದೇನಿ." ದಾರ ಎತ್ತಿ ತೋರಿಸಿದರು. ಮನುಷ್ಯ ತಮಾಷೆ ಮಾಡುತ್ತಿರಲಿಲ್ಲ. "ಬಾವೀದು ಉದ್ದ ಆಗಿತ್ತು. ಕೀಲಿ ತಗೀರಿ ಅಂತ ನಿಮ್ಮ ಓಣಿ ಮಂದಿ ಅರ್ಜಿ ಕೊಟ್ಟದ್ದು, ಅದಕ್ಕ ಇನ್ನೂ ಉತ್ತರ ಸಿಗದಿದ್ದದ್ದು, ಎಲ್ಲಾ ಬರದಿದ್ದೆ. ವಕೀಲರದು ಅಷ್ಟ ಉದ್ದ ಆಗಲೇ ಇಲ್ಲ. ಹಂಗಾಗಿ ಇದನ್ನ ಕತ್ತರಿಸಿದೆ, ಅದನ್ನ ಸ್ವಲ್ಪ ಜಗ್ಗಿದೆ."

"ಹೆಂಗ ಜಗ್ಗಿದ್ರಿ?"

"ಕಾಲಾಗ ಪುಣೇರಿ ಜೋಡು ಹಾಕೋತಾರ ಅಂತ ಸೇರಿಸಿದೆ."

ನಾನು ನಕ್ಕೆ. ಅವರು ನಗಲಿಲ್ಲ. ದಾರವನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ, ದನಿ ಇಳಿಸಿ ಹೇಳಿದರು: "ನೋಡು ತಮ್ಮಾ, ಈ ಊರಾಗ ನನ್ನ ಒಂದ ಪ್ರೆಸ್ಸು, ಒಂದ ಸಂಸಾರ. ತಕ್ಕಡಿ ಹಿಡದವನ ಕೈ ಯಾರೂ ಕಡಿಯಂಗಿಲ್ಲ. ಅದಕ ಹಿಡದೇನಿ." ಬೆರಳು ನೀಲಿಗಟ್ಟುವಷ್ಟು ದಾರ ಬಿಗಿದಿತ್ತು. ನಾನು ಚಪ್ಪಟೆ ದನಿಯಲ್ಲಿ ಅಡಗಿಕೊಂಡ ಹಾಗೆ ಅವರು ಸಮ ಸಾಲಿನಲ್ಲಿ ಅಡಗಿಕೊಂಡಿದ್ದರು. ಅವರ ಜಾಗ ನನ್ನದಕ್ಕಿಂತ ಭದ್ರ, ಅಷ್ಟೇ. ತಿರುಗಿ ಬೆಟಗೇರಿಗೆ ನಡೆದೆ.

ಐತವಾರ ಬರಬಾರದೆಂದು ಹರಕೆ ಹೊತ್ತೆ. ಬಂತು. ಹೊಟ್ಟೆನೋವೆಂದು ಮಲಗಿದೆ. ನರಳುವ ದನಿ ಎಷ್ಟು ಚೆನ್ನಾಗಿ ಬಂತೆಂದರೆ ಅವ್ವ, "ಇದು ಶಿರಹಟ್ಟಿ ಅತ್ತೀ ದನಿ, ಏಳು" ಎಂದಳು.

ಕಟ್ಟೆಯ ಮುಂದೆ ನಿಲ್ಲಲೂ ಜಾಗವಿರಲಿಲ್ಲ. ಬಾವಿ ಅಧ್ಯಕ್ಷರನ್ನು ಕೇಳಲೆಂದೇ ಗದಗಿನ ಕಡೆಯಿಂದಲೂ ಬಂದಿದ್ದರು. ಮೊದಲ ಸಾಲಿನಲ್ಲಿ, ಎರಡು ಕಾಲಿನ ನಡುವೆ ಕೊಡೆ ನೆಟ್ಟುಕೊಂಡು, ಮುನೀಮ.

ವಕೀಲರ ಉತ್ತರ ಓದಿದೆ. ಮರಾಠಿ ಸಾಲೆಯಲ್ಲಿ ಮಗ್ಗಿ ಕಲಿತದ್ದರಿಂದ ಎಣಿಕೆ ಹಾಗೆ ಬರುತ್ತದೆ, ಕ್ಷಮಿಸಬೇಕು ಎಂದು ಬರೆದಿದ್ದರು. ಹೇಳಿದಂತೆಯೇ ಅವರ ದನಿ ತೆಗೆದೆ. ಅಲ್ಲೊಬ್ಬರು ಇಲ್ಲೊಬ್ಬರು ನಕ್ಕರು. ಕ್ಷಮೆ ಕೇಳುವವನ ದನಿ ಅಣಕಿಸಿದರೆ ನಗು ಅಷ್ಟೇ ಬರುತ್ತದೆ. ಮುನೀಮ ಮಾತ್ರ ತಲೆದೂಗಿದ.

ಸಾಹುಕಾರರ ಉತ್ತರ. "ಭಾವಿ ಅಧ್ಯಕ್ಷರು ತಿಳಿಸುವುದೇನೆಂದರೆ, ಪಾಗಾರವನ್ನು ಹಾಕಿದ್ದು ಬಾವಿಯ ರಕ್ಷಣೆಗಾಗಿ." 'ಭಾ' ಭಾರವಾಗಿ ಬಂತು, 'ಬಾ' ಹಗುರವಾಗಿ ಬಂತು, ಎರಡನ್ನೂ ಬೇರೆ ಬೇರೆ ಬುಟ್ಟಿಯಲ್ಲಿ ಇಟ್ಟ ಹಾಗೆ. ಯಾರೂ ನಗಲಿಲ್ಲ. ದೂರದಿಂದ ಬಂದವನೊಬ್ಬ "ಇಷ್ಟೇನಾ?" ಎಂದು ಗೊಣಗಿದ. ಮುನೀಮನ ಮುಖ ಸಡಿಲಾಯಿತು. ಗೆದ್ದೆ, ನೂಲು ಉಳಿಯಿತು ಎಂದು ನಾನು ಪೇಪರು ಮಡಚತೊಡಗಿದೆ.

ಹೆಣ್ಣುಮಕ್ಕಳ ಕಡೆಯಿಂದ ಒಬ್ಬ ಮುದುಕಿ ಎದ್ದಳು. ಪಕ್ಕದಲ್ಲಿ ಖಾಲಿ ಕೊಡ. ರೈಲು ಹಳಿ ದಾಟಿ ನೀರಿಗೆ ಹೊರಟವಳು ದಾರಿಯಲ್ಲಿ ಕೇಳಲೆಂದು ಇಲ್ಲಿ ಕೂತಿದ್ದಳು.

"ಏ ತಮ್ಮಾ, ನಿನ್ನ ಆಟ ಛಲೋ ಐತಿ. ಅದಿರ್ಲಿ. ಆ ಬಾವಿ ಕೀಲಿ ಎಂದ ತಗೀತಾರ ಅಂತ ಬರದಾರೇನು ನೋಡು."

ಪೇಪರು ಬಿಚ್ಚಿದೆ. ಅಲ್ಲಿ ಇಲ್ಲವೆಂದು ನನಗೆ ಗೊತ್ತಿತ್ತು. ಆದರೂ ಮೇಲಿನಿಂದ ಕೆಳಗೆ ಹುಡುಕಿದೆ, ಜಾಹೀರಾತಿನೊಳಗೂ ಹುಡುಕಿದೆ. ಮುನೀಮ ನನ್ನನ್ನೇ ನೋಡುತ್ತಿದ್ದ. ಇಲ್ಲ ಎಂದು ಕೂತುಬಿಟ್ಟರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಮುದುಕಿ ಕೊಡದ ಬಾಯಿಯ ಮೇಲೆ ಕೈ ಇಟ್ಟು ಕಾಯುತ್ತಿದ್ದಳು.

"ಬರದಿಲ್ಲ ಯವ್ವಾ" ಎಂದೆ. ಬಂದ ದನಿ ಯಾರದೋ ಗೊತ್ತಾಗಲಿಲ್ಲ, ಬಾಯೊಡೆದ ಪೀಪಿಯ ಹಾಗಿತ್ತು. "ಪೇಪರ್‍ನ್ಯಾಗ ಇಲ್ಲ. ಆದ್ರ ಕೀಲಿ ಐತಿ. ನಾ ಒಳಗ ಹೋಗಿದ್ದೆ, ನೋಡೇನಿ. ನೀರೂ ಐತಿ, ದಂಡೀತನಕ. ನನಗ ಒಂದ ತಂಬಿಗಿ ಕೊಟ್ರು. ಸೀನೀರು. ಅರ್ಜಿ ಕೊಟ್ಟೀರಲ್ಲ, ಅದಕ್ಕ ಉತ್ತರ ಬಂದಿಲ್ಲಂತ."

ಅವಳು "ಹಂಗೇನು" ಎಂದಳು. ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು. ಅವಳ ಹಿಂದೆ ಇನ್ನಷ್ಟು ಜನ ಎದ್ದರು. ಹಳಿಯ ಕಡೆಗೆ ಹೋಗದೆ ವಖಾರಿಯ ಕಡೆಗೆ ಹೊರಟರು. ಯಾರೂ ಕೂಗಲಿಲ್ಲ. ಪಾಗಾರದ ಬಾಗಿಲ ಮುಂದೆ ಕೊಡಗಳನ್ನು ಸಾಲಾಗಿ ಇಟ್ಟು ಬಂದರಂತೆ. ನಾನು ನೋಡಲು ಹೋಗಲಿಲ್ಲ. ಮುನೀಮ ಕೊಡೆ ಕಂಕುಳಲ್ಲಿ ಇಟ್ಟುಕೊಂಡು ನನ್ನ ಮುಂದೆ ಹಾದುಹೋದ, ನಾನು ಅಲ್ಲಿ ಇಲ್ಲವೇ ಇಲ್ಲವೆನ್ನುವ ಹಾಗೆ.

ಸೋಮವಾರ ಅಪ್ಪ ಚೀಲ ಹಿಡಿದು ಹೋದರು. ನಾನು ಹೊಸ್ತಿಲಲ್ಲಿ ಕೂತೆ. ಕೊಡಗಳು ಇನ್ನೂ ಅಲ್ಲೇ ಇವೆ, ಕೀಲಿಯೂ ಇದೆ ಎಂದು ಹೋಗಿಬರುವವರು ಹೇಳಿದರು. ಪ್ರತಿ ಹೆಜ್ಜೆಯ ಸಪ್ಪಳಕ್ಕೂ ಎದ್ದು ನೋಡುತ್ತಿದ್ದೆ. ಅಪ್ಪ ಬಂದಾಗ ಚೀಲ ತುಂಬಿತ್ತು. ನಾನು ಕೂಗಿಬಿಡುವವನಿದ್ದೆ. ಅವರು ಅದನ್ನು ನಡುಮನೆಯಲ್ಲಿ ಸುರಿದರು.

ನೂಲೇ. ಆದರೆ ಇಲಿ ಕಡಿದ, ಸಿಕ್ಕುಗಟ್ಟಿದ, ಮೂಲೆಗೆ ಎಸೆದಿದ್ದ ಲಡಿಗಳು. ಎಳೆ ಎಳೆದರೆ ಇಡೀ ಗುಡ್ಡೆ ಕೈಗೆ ಬರುತ್ತಿತ್ತು. ಕೊಡುವುದಿಲ್ಲ ಎಂದಿದ್ದರೆ ಲಕ್ಷ್ಮೇಶ್ವರದಲ್ಲಿ ಬೇರೆ ವ್ಯಾಪಾರಿಯನ್ನಾದರೂ ಕೇಳಬಹುದಿತ್ತು. ಕೊಟ್ಟಿದ್ದರು, ತೂಕ ಸರಿಯಾಗಿತ್ತು. ಇದನ್ನು ನೇಯ್ದು ಸೀರೆ ಕೊಡಬೇಕು, ಕೊಡದಿದ್ದರೆ ತಪ್ಪು ನಮ್ಮದು.

ಅವ್ವ ಕೂತು ಸಿಕ್ಕು ಬಿಡಿಸತೊಡಗಿದಳು. ನಾನೂ ಕೂತೆ. ಅಪ್ಪ ಎದುರಿಗೆ ಕೂತು ಒಂದು ಲಡಿಯನ್ನು ಮೊಣಕಾಲಿಗೆ ಹಾಕಿಕೊಂಡರು. ಈಗ ಹೇಳುತ್ತಾರೆ, ಪೇಪರು ಮುಟ್ಟಬೇಡ ಎಂದು ಹೇಳುತ್ತಾರೆ ಎಂದು ಕಾದೆ. ಹೇಳಿದರೆ ಬದುಕಿದೆ ಎಂದುಕೊಂಡೆ.

"ಬರೋ ಐತವಾರ" ಎಂದರು ಅಪ್ಪ, ತಲೆ ಎತ್ತದೆ, "ಸ್ವಲ್ಪ ಸಾವಕಾಶ ಓದು. ಹಿಂದ ಕುಂತವರಿಗೆ ಕೇಳಸಂಗಿಲ್ಲ."

ಅವರು ಕಟ್ಟೆಗೆ ಬಂದಿದ್ದರೆಂಬುದೇ ನನಗೆ ಗೊತ್ತಿರಲಿಲ್ಲ. ಕೈಯಲ್ಲಿದ್ದ ಎಳೆ ಕಡಿಯಿತು.